ಪಾರ್ಶ್ವವಾಯು: ತಡಮಾಡಿದಷ್ಟೂ ಹಾನಿ

ಕಟಾವಿನಲ್ಲಿ ತೊಡಗಿದ್ದವರ ಕೈಯಿಂದ ಕುಡುಗೋಲು ತಾನಾಗಿ ಜಾರುತ್ತದೆ; ಮಾತು ತೊದಲುತ್ತದೆ. ಬಿಸಿಲು ತಾಗಿರಬೇಕೆಂದು ನೆರಳಿನಲ್ಲಿ ಮಲಗಿಸುವುದುಂಟು. ಆದರೆ ಇದು ಪಾರ್ಶ್ವವಾಯು, ಅಂದರೆ ಲಕ್ವ ಹೊಡೆಯುವುದರ ಸೂಚನೆಯಾಗಿರಬಹುದು.

ಕಾರಣವೇನು?

ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆ ಒಣಗುತ್ತದೆ. ಅದೇ ರೀತಿ ಮಿದುಳಿನ ರಕ್ತನಾಳದಲ್ಲಿ ರಕ್ತದ ಹೆಪ್ಪು ಅಡ್ಡಬಂದರೆ ಮುಂದಿನ ಭಾಗಕ್ಕೆ ಆಮ್ಲಜನಕ ದೊರೆಯದು. ಹೆಚ್ಚಿನ ಪ್ರಕರಣಗಳು ಈ ಬಗೆಯವು. ಉಳಿದವುಗಳಲ್ಲಿ ರಕ್ತನಾಳವೇ ಒಡೆದು ರಕ್ತ ಸೋರುತ್ತದೆ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಂದಾಜು. ಬಾಡಿದ ಪೈರು ನೀರು ಕಂಡರೆ ಚೇತರಿಸೀತು. ಸತ್ತ ನರಕೋಶ ಮರಳಿ ಬಾರದು.

ಗುರುತಿಸುವುದು ಹೇಗೆ?

1. ನಗಲು ಹೇಳಿದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು.
2. ಎರಡೂ ಕೈಗಳನ್ನು ಮುಂದೆ ಚಾಚಿದಾಗ ಒಂದು ಕೈ ಕೆಳಗೆ ಇಳಿಯುವುದು.
3. ಮಾತು ತೊದಲುವುದು ಅಥವಾ ಹೇಳಿದ್ದು ಅರ್ಥವಾಗದಿರುವುದು.

ಒಮ್ಮೆಲೇ ದೃಷ್ಟಿ ಮಂಜಾಗುವುದು, ನಡೆಯುವಾಗ ತೂರಾಡುವುದು, ಹಿಂದೆಂದೂ ಇಲ್ಲದಂಥ ತಲೆನೋವು ಸಹ ಸೂಚನೆಗಳೇ. ಒಂದು ಕಂಡರೂ ಹೊರಡಬೇಕು. ಕೆಲವೇ ನಿಮಿಷಗಳಲ್ಲಿ ತಾನಾಗಿ ಸರಿಹೋದರೂ ನಿರ್ಲಕ್ಷಿಸಬಾರದು. ಅದು ಮುಂಬರುವ ದೊಡ್ಡ ಆಘಾತದ ಮುನ್ಸೂಚನೆ ಆಗಿರಬಹುದು.

ತಕ್ಷಣ ಏನು ಮಾಡಬೇಕು?

108ಕ್ಕೆ ಕರೆಮಾಡಿ. ರೋಗಿ ಕೊನೆಯದಾಗಿ ಸರಿಯಾಗಿದ್ದ ವೇಳೆಯನ್ನು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ನೀರು, ಕಾಫಿ, ಮಾತ್ರೆ ಏನನ್ನೂ ಕೊಡಬಾರದು. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು ಮುಂತಾದವುಗಳಲ್ಲಿ ಹೊತ್ತು ಕಳೆಯಬಾರದು.

ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ರಕ್ತಸ್ರಾವವಿದ್ದರೆ ಇದೇ ಮದ್ದು ಅಪಾಯಕಾರಿ. ಆದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಅಗತ್ಯ. ಈ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಪ್ರತಿ ಕುಟುಂಬವೂ ಮೊದಲೇ ತಿಳಿದಿರುವುದು ಒಳಿತು. ತಡವಾಗಿದ್ದರೂ ಹೋಗಲೇಬೇಕು, ಬೇರೆ ಚಿಕಿತ್ಸೆಗಳೂ ಇವೆ.

ತಡೆಗಟ್ಟುವಿಕೆ

ಅಧಿಕ ರಕ್ತದೊತ್ತಡವೇ ಮುಖ್ಯ ಕಾರಣ. ನೋವಿಲ್ಲವೆಂದು ಮಾತ್ರೆ ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಿ. ಬೀಡಿ, ಹೊಗೆಸೊಪ್ಪು, ಮದ್ಯ ಬಿಡಿ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಇದರಲ್ಲಿ ಸೇರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನು ಆಗಾಗ್ಗೆ ಪರೀಕ್ಷಿಸಿಕೊಳ್ಳಿ. ವಿಸ್ತರಣಾ ಕಾರ್ಯಕರ್ತರು ರೈತ ಸಭೆಗಳಲ್ಲಿ ಈ ಮೂರು ಪರೀಕ್ಷೆಗಳನ್ನು ಮಾಡಿ ತೋರಿಸಿದರೆ ದುಡಿಯುವ ಎಷ್ಟೋ ಕೈಗಳು ಉಳಿದಾವು.