ಮ್ಯೂನಿಕ್‌ನಲ್ಲಿ ಕೋಣೆ ಹುಡುಕಿ ನೋಡು!

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂದ ನಮ್ಮ ಹಿರಿಯರು ಮ್ಯೂನಿಕ್‌ಗೆ ಬಂದಿದ್ದರೆ ‘ಬಾಡಿಗೆ ಕೋಣೆ ಹುಡುಕಿ ನೋಡು’ ಅಂತಲೂ ಸೇರಿಸುತ್ತಿದ್ದರು. ಎಂ.ಎಸ್. ಓದಲು ಮೈಸೂರಿನಿಂದ ಜರ್ಮನಿಗೆ ಹೊರಟ ನನಗೆ ಸೀಟು ಸಿಕ್ಕಿತು, ವೀಸಾನೂ ಸಿಕ್ಕಿತು. ತಲೆ ಇಡಲು ಸ್ವಂತದ್ದೊಂದು ಮೂಲೆ ಸಿಗಲು ಮಾತ್ರ 11 ವಾರ ಬೇಕಾಯಿತು. ಅಲ್ಲಿವರೆಗೂ ಸೀನಿಯರ್ ಒಬ್ಬರ ಸೋಫಾವೇ ಗತಿ.

ಬಾಡಿಗೆ ವಿಷಯದಲ್ಲಿ ಜರ್ಮನಿಯ ದುಬಾರಿ ಊರುಗಳ ಸಾಲಿನಲ್ಲಿ ಮ್ಯೂನಿಕ್ ಮುಂದೆ. ವೀಸಾಕ್ಕಾಗಿ ನಾವು ಮೊದಲೇ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟ ಹಣದಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೊ. ಹಂಚಿಕೊಂಡು ಇರುವ ಮನೆಯಲ್ಲಿ ಒಂದು ಕೋಣೆಗೇ 700–800 ಯೂರೊ ಕೇಳುತ್ತಾರೆ. ಜಾಹೀರಾತಿನಲ್ಲಿ ‘ತಣ್ಣನೆ ಬಾಡಿಗೆ’, ‘ಬೆಚ್ಚನೆ ಬಾಡಿಗೆ’ ಅಂತ ಎರಡು ಲೆಕ್ಕ ಬೇರೆ. ತಣ್ಣನೆಯದು ಬರೀ ಜಾಗಕ್ಕೆ; ಹೀಟಿಂಗ್, ನೀರು, ಕಸದ ಖರ್ಚು ಸೇರಿದರೆ ಬೆಚ್ಚನೆಯದು. ಇಡೀ ಮನೆ ಹಿಡಿಯೋಣ ಅಂದರೆ ಅಡುಗೆಮನೆಯೇ ಖಾಲಿ ಇರಬಹುದು. ಹಿಂದಿದ್ದವರು ಒಲೆ, ಸಿಂಕು, ಕಪಾಟು ಬಿಚ್ಚಿಕೊಂಡು ಹೋಗುವುದು ಇಲ್ಲಿ ಮಾಮೂಲು. 1972ರ ಒಲಿಂಪಿಕ್ಸ್‌ಗೆ ಕಟ್ಟಿದ ಕ್ರೀಡಾಗ್ರಾಮದ ಒಂದು ಭಾಗ ಈಗ ವಿದ್ಯಾರ್ಥಿಗಳ ವಸತಿ. ಬಾಡಿಗೆ ಕಡಿಮೆ, ಆದರೆ ಕಾಯುವವರ ಸಾಲು ಸೆಮಿಸ್ಟರ್‌ಗಟ್ಟಲೆ ಉದ್ದ.

ದುಡ್ಡಿಗಿಂತ ದೊಡ್ಡ ತಲೆನೋವು ಕಾಗದದ್ದು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿಯಿರುವ ಪತ್ರ ಬೇಕು. ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು ಆ ವಿಳಾಸಕ್ಕೇ. ಆದರೆ ಮನೆ ಕೊಡುವವರು ಮೊದಲು ಕೇಳುವುದು ಸಂಬಳದ ಚೀಟಿ, ಸಾಲ ತೀರಿಸಿದ ಚರಿತ್ರೆ ಹೇಳುವ ‘ಶೂಫಾ’ ವರದಿ. ನಿನ್ನೆ ವಿಮಾನ ಇಳಿದವರಿಗೆ ಎಲ್ಲಿಯ ಚರಿತ್ರೆ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಈ ಅವಸರವೇ ಮೋಸಗಾರರಿಗೆ ಬಂಡವಾಳ. ‘ನಾನು ವಿದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಕೀಲಿ ಅಂಚೆಯಲ್ಲಿ ಬರುತ್ತದೆ’ ಎಂಬ ಮೇಲ್ ನನಗೇ ಮೂರು ಸಲ ಬಂತು. ಫೋಟೊದಲ್ಲಿ ಮನೆ ಅರಮನೆ, ಬಾಡಿಗೆ ಅರ್ಧ. ಇಲ್ಲಿಗೆ ಬರುವ ತಮ್ಮ ತಂಗಿಯರೇ, ಮನೆ ಕಣ್ಣಾರೆ ನೋಡುವ ಮೊದಲು ಒಂದು ಯೂರೊ ಕೂಡ ಕಳಿಸಬೇಡಿ. ಕಾನೂನು ಬಾಡಿಗೆದಾರರ ಪರವಾಗಿಯೂ ಇದೆ. ಡೆಪಾಸಿಟ್ ಮೂರು ತಿಂಗಳ ತಣ್ಣನೆ ಬಾಡಿಗೆ ಮೀರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. 2015ರಿಂದ ಬ್ರೋಕರ್ ಕಮಿಷನ್ ಅವರನ್ನು ಕರೆಸಿದವರದೇ ಹೊಣೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಿರುವ ಬೆಂಗಳೂರಿನ ಗೆಳೆಯರು ಇದನ್ನು ಕೇಳಿ ನಂಬಲೇ ಇಲ್ಲ.

ಹಂಚಿಕೊಳ್ಳುವ ಮನೆಗೆ ಇಂಟರ್‌ವ್ಯೂ ಇರುತ್ತದೆ. ಈಗಾಗಲೇ ಇರುವವರು ಚಹಾ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಬಾತ್‌ರೂಮ್ ತೊಳೆಯುತ್ತೀಯಾ? ರಾತ್ರಿ ಫೋನಲ್ಲಿ ಜೋರಾಗಿ ಮಾತಾಡುತ್ತೀಯಾ? ಒಗ್ಗರಣೆ ವಾಸನೆಯ ಬಗ್ಗೆಯೂ ಒಬ್ಬಳು ಕೇಳಿದಳು. ನಾನು ಕಳಿಸಿದ ನೂರಾರು ಸಂದೇಶಗಳಲ್ಲಿ ಉತ್ತರ ಬಂದದ್ದು ಒಂಬತ್ತಕ್ಕೆ. ಅದೇ ಮನೆಗಳಿಗೆ ಬರೆದ ಜರ್ಮನ್ ಸಹಪಾಠಿಗೆ ಒಂದೇ ದಿನದಲ್ಲಿ ಉತ್ತರ ಬಂದದ್ದೂ ಉಂಟು. ನನ್ನ ಹೆಸರಿನ ಕಾರಣಕ್ಕೋ, ತಡವರಿಸುವ ಜರ್ಮನ್ ಭಾಷೆಗೋ, ಯಾರಿಗೆ ಗೊತ್ತು? ಕಾರಣ ಹೇಳದೆ ಮುಚ್ಚಿದ ಬಾಗಿಲಿನ ಮುಂದೆ ನಿಂತಾಗ ಮನಸ್ಸು ತನ್ನದೇ ಕಾರಣ ಹುಡುಕಿಕೊಳ್ಳುತ್ತದೆ. ಅದು ಚಳಿಗಿಂತ ಜಾಸ್ತಿ ಕೊರೆಯುತ್ತದೆ.

ಕೊನೆಗೂ ಊರಾಚೆ ರೈಲಿನ ದಾರಿಯಲ್ಲಿ 12 ಚದರ ಮೀಟರ್‌ನ ಕೋಣೆ ಸಿಕ್ಕಿದೆ. ಕಿಟಕಿಯಲ್ಲಿ ಕರಿಬೇವಿನ ಕುಂಡವೂ ಇದೆ.

ಮೈಸೂರಿನ ನಮ್ಮ ಮನೆಯ ಮಹಡಿಯನ್ನೂ ಬಾಡಿಗೆಗೆ ಕೊಡುತ್ತೇವೆ. ಕೇಳಿಕೊಂಡು ಬಂದವರಿಗೆ ಅಪ್ಪನ ಮೊದಲ ಪ್ರಶ್ನೆ, ‘ನೀವು ಯಾವ ಜನ?’ ಕಳೆದ ತಿಂಗಳು ಮಹಡಿ ಖಾಲಿಯಾದಾಗ ಫೋನಲ್ಲಿ ಹೇಳಿದೆ: ‘ಅಪ್ಪಾ, ಬಾಡಿಗೆ ಸರಿಯಾಗಿ ಕಟ್ಟುತ್ತಾರಾ ಅಂತಷ್ಟೇ ಕೇಳು. ಇಲ್ಲಿ ನಿನ್ನ ಮಗಳೂ ಯಾರದೋ ಬಾಗಿಲಲ್ಲಿ ನಿಂತಿದ್ದಳು.’ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ‘ನೋಡೋಣ’ ಅಂದರು. ನಮ್ಮಪ್ಪನ ‘ನೋಡೋಣ’ ಅಂದರೆ ಅರ್ಧ ಒಪ್ಪಿಗೆ.