ಬಯಲುಸೀಮೆಯ ಮಕ್ಕಳಿಗೊಂದು ಬಾಡಿಗೆ ದೋಣಿ

ಗುಡೇಕೋಟೆಯ ಮಕ್ಕಳಿಗೆ ಕಲ್ಲು ಹೊಸದಲ್ಲ. ಊರ ಸುತ್ತ ಎತ್ತ ನೋಡಿದರೂ ಗುಂಡಿನ ಮೇಲೆ ಗುಂಡು ಪೇರಿಸಿಟ್ಟಂಥ ಬೆಟ್ಟಗಳು. ಒಂದರ ಮೇಲೆ ಪಾಳೆಯಗಾರರ ಕೋಟೆ, ಮಿಕ್ಕವುಗಳ ಸಂದಿಗೊಂದಿಗಳಲ್ಲಿ ಕರಡಿಗಳ ವಾಸ. ಹೊಸದೇನಿದ್ದರೂ ನೀರು! ಕೂಡ್ಲಿಗಿ ಸೀಮೆಯ ಹುಡುಗರು ಕಂಡಿರುವ ದೊಡ್ಡ ನೀರೆಂದರೆ ಹೊಸಪೇಟೆಯ ತುಂಗಭದ್ರಾ ಜಲಾಶಯ. ಹತ್ತಿರುವ ದೋಣಿಯೆಂದರೆ ಹಂಪಿಯ ಹರಿಗೋಲು. ಶಾಲಾ ಪ್ರವಾಸ ಕರಾವಳಿಗೆ ಎಂದು ಗೊತ್ತಾದರೆ ಹಿಂದಿನ ರಾತ್ರಿ ಇವರಿಗೆ ನಿದ್ದೆ ಹತ್ತುವುದು ಕಷ್ಟ.

ಆದರೆ ಅಷ್ಟು ದೂರ ಹೋಗಿ ನೋಡುವುದೇನು? ದೇವಸ್ಥಾನ, ಅದರ ಮಗ್ಗುಲಿನ ಕಡಲ ದಂಡೆ, ಅರ್ಧ ಗಂಟೆಯ ಓಡಾಟ, ಒಂದು ಗ್ರೂಪ್ ಫೋಟೊ. ಅಷ್ಟರಲ್ಲಿ ಬಸ್ಸಿನ ಹಾರನ್ನು.

ಕರ್ನಾಟಕದ ಕರಾವಳಿ 300 ಕಿಲೋಮೀಟರಿಗೂ ಉದ್ದವಿದೆ. ಅದರಲ್ಲಿ ಬಸ್ಸು ನಿಲ್ಲುವ ತಾಣಗಳು ಬೆರಳೆಣಿಕೆಯಷ್ಟು. ಗೋಕರ್ಣದ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಗುಡ್ಡದ ಕಾಲುಹಾದಿ, ಇಲ್ಲವೇ ದೋಣಿ. ಹೊನ್ನಾವರದ ಬಳಿಯ ಬಸವರಾಜದುರ್ಗವಂತೂ ಸಮುದ್ರದ ನಡುವೆಯೇ ನಿಂತಿರುವ ಕೋಟೆ. ಬೆಟ್ಟದ ಮೇಲಿನ ಕೋಟೆಯನ್ನು ದಿನವೂ ನೋಡುವ ಮಕ್ಕಳಿಗೆ ನೀರನ್ನೇ ಕಂದಕ ಮಾಡಿಕೊಂಡ ಈ ಕೋಟೆ ದೊಡ್ಡ ಪಾಠ. (ಇಳಿದು ನೋಡುವುದಾದರೆ ಅನುಮತಿಯ ವಿಚಾರ ಮೊದಲೇ ಕೇಳಿಕೊಳ್ಳಬೇಕು.) ಇಂಥ ಕಡೆಗೆಲ್ಲ ದೋಣಿಯನ್ನು ತಂಡವೇ ಬಾಡಿಗೆಗೆ ಹಿಡಿಯುವುದರಲ್ಲಿ ಅನುಕೂಲವಿದೆ. ಬಾಡಿಗೆ ದೋಣಿ ಎಂದರೆ ಶ್ರೀಮಂತರ ಷೋಕಿ ಎಂದು ಮೂಗು ಮುರಿಯಬೇಕಿಲ್ಲ. ಒಂದು ತರಗತಿಯೋ, ನಾಲ್ಕು ಕುಟುಂಬಗಳೋ ಹಂಚಿಕೊಂಡರೆ ತಲಾ ಖರ್ಚು ಸಾಕಷ್ಟು ಇಳಿಯುತ್ತದೆ.

ಈ ರುಚಿ ಹಳೆಯದು. 1883ರಲ್ಲಿ ಕಾರವಾರದಲ್ಲಿ ಅಣ್ಣನ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಮಾಡಿಕೊಂಡು ಹೋಗಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆಗ ಅವರಿಗಿನ್ನೂ 22ರ ಆಸುಪಾಸು.

ಬಯಲುಸೀಮೆಯ ಮಕ್ಕಳು ತಪ್ಪದೆ ನೋಡಬೇಕಾದದ್ದು ಮಲ್ಪೆಯಿಂದ ಸುಮಾರು ಆರು ಕಿಲೋಮೀಟರ್ ದೂರದ ಸೇಂಟ್ ಮೇರಿಸ್ ದ್ವೀಪಗಳನ್ನು. ಅಲ್ಲಿ ಬಡಗಿ ಕೊಯ್ದು ನಿಲ್ಲಿಸಿದ ತೊಲೆಗಳಂತೆ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಬಹಳಷ್ಟಕ್ಕೆ ಐದು, ಆರು, ಏಳು ಮುಖ. ಮಾಡಿದವರಾರು? ಉತ್ತರ ಗುಡೇಕೋಟೆಯಲ್ಲೇ ಇದೆ. ಬೇಸಿಗೆಯಲ್ಲಿ ಕೆರೆಯಂಗಳ ಒಣಗಿ ಮಣ್ಣು ಕುಗ್ಗಿ ಬಿಲ್ಲೆಬಿಲ್ಲೆಯಾಗಿ ಬಿರಿಯುವುದನ್ನು ಯಾವ ಹುಡುಗ ನೋಡಿಲ್ಲ? ಕುದಿಯುವ ಲಾವಾರಸವೂ ತಣ್ಣಗಾಗುವಾಗ ಹಾಗೆಯೇ ಕುಗ್ಗುತ್ತದೆ, ಬಿರಿಯುತ್ತದೆ. ಬಿರುಕು ಮೇಲಿನಿಂದ ಒಳಕ್ಕಿಳಿದಂತೆ ಬಿಲ್ಲೆ ಕಂಬವಾಗುತ್ತದೆ. ಇದು ನಡೆದದ್ದು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ. ಬಯಲುಸೀಮೆಯ ಕಣಶಿಲೆಗೋ ಸುಮಾರು 250 ಕೋಟಿ ವರ್ಷ! ಅದರ ಮುಂದೆ ಈ ಕಂಬಗಳು ನಿನ್ನೆ ಮೊನ್ನೆಯವು. ಭೂಗೋಳದ ಪುಸ್ತಕದಲ್ಲಿ ಓದಿದ ಖಂಡಗಳ ಚಲನೆಯನ್ನು ಕೈಯಿಂದ ಮುಟ್ಟಿ ನೋಡಬಹುದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಕಲ್ಲಿನ ಚೂರು ಜೇಬಿಗಿಳಿಸುವ ಹಾಗಿಲ್ಲ.

ಟಿಕೆಟ್ಟಿನ ದೋಣಿಯಲ್ಲಿ ಹೋದವರಿಗೆ ಅದು ಹೊರಡುವ ಹೊತ್ತೇ ಹೊತ್ತು. ತಮ್ಮದೇ ದೋಣಿಯಾದರೆ ಮಾಸ್ತರರು ಕಂಬಗಳ ಮುಖ ಎಣಿಸಿಸಬಹುದು, ಚಿತ್ರ ಬರೆಸಬಹುದು. ದಾರಿಯಲ್ಲಿ ಗೂನುಬೆನ್ನಿನ ಡಾಲ್ಫಿನ್ ಕಂಡರೆ ಎಂಜಿನ್ ನಿಲ್ಲಿಸಿ ಸುಮ್ಮನೆ ಕಾಯಬಹುದು. ಎಲ್ಲಕ್ಕಿಂತ ಹೆಚ್ಚಾಗಿ ತಾಂಡೇಲನ ಜೊತೆ ಮಾತಿಗೆ ಬಿಡುವು ಸಿಗುತ್ತದೆ. ಉಬ್ಬರ ದಿನಕ್ಕೆರಡು ಸಲ ಬರುತ್ತದೆಂದು ಪುಸ್ತಕ ಹೇಳುತ್ತದೆ; ಅದು ನಾಳೆ ಇವತ್ತಿಗಿಂತ ಸುಮಾರು 50 ನಿಮಿಷ ತಡವೆಂಬುದು ಅವನ ದುಡಿಮೆಯ ಲೆಕ್ಕ. ಅಳಿವೆಯ ಮರಳದಿಬ್ಬ ಎಲ್ಲಿ ಸರಿದಿದೆ, ಮಧ್ಯಾಹ್ನದ ಮೇಲೆ ಕಡಲಗಾಳಿ ಏಕೆ ಬಿರುಸಾಗುತ್ತದೆ ಎಂಬುದನ್ನೆಲ್ಲ ಅವನಿಂದ ಕೇಳಬೇಕು.

ಇನ್ನು ತಂದೆ ತಾಯಿಗಳ ಅಳುಕು. ಅದನ್ನು ಪುಕ್ಕಲುತನವೆಂದು ತಳ್ಳಿಹಾಕುವಂತಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಬಯಲುಸೀಮೆಯಿಂದ ಬಂದವರೂ ಮಕ್ಕಳೂ ಇದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿ ಮೀರಿ ಜನ ತುಂಬಿದ್ದ ವಿಹಾರದೋಣಿ ಮಗುಚಿ 22 ಜೀವ ಹೋಯಿತು. ಅಲ್ಲಿಯೂ ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ದೋಣಿಗೆ ಎಷ್ಟು ಜನ ಹತ್ತಬೇಕೆಂಬುದನ್ನು ಪ್ರವಾಸಿ ತಾನೇ ತೀರ್ಮಾನಿಸಬಹುದಾದ್ದೇ ಬಾಡಿಗೆ ದೋಣಿಯ ದೊಡ್ಡ ಲಾಭ. ಆ ಅಧಿಕಾರ ಚಲಾಯಿಸದೆ, ಎರಡು ದೋಣಿಯ ಮಕ್ಕಳನ್ನು ಒಂದಕ್ಕೇ ತುಂಬಿ ಬಾಡಿಗೆ ಉಳಿಸುವವರು ದೋಣಿಯ ಗೊಡವೆಗೇ ಹೋಗದಿರುವುದು ಲೇಸು. ಲೈಸೆನ್ಸು, ಅದರಲ್ಲಿ ನಮೂದಾದ ಜನರ ಸಂಖ್ಯೆ, ಮಕ್ಕಳ ಅಳತೆಯ ಲೈಫ್ ಜಾಕೆಟ್ಟು ಇವನ್ನು ದಂಡೆಯಲ್ಲೇ ಕೇಳಿ ನೋಡಬೇಕು. ಜಾಕೆಟ್ಟು ಸೀಟಿನಡಿ ಇದ್ದರೆ ಸಾಲದು, ಮೈಮೇಲಿರಬೇಕು. ಮೀನು ಹಿಡಿಯುವ ದೋಣಿಯವರು ಕಡಿಮೆಗೆ ಕರೆದರೆಂದು ಹತ್ತಬಾರದು. ತಾಂಡೇಲ "ಇವತ್ತು ಬೇಡ" ಎಂದನೋ, ದುಡ್ಡು ಹೆಚ್ಚು ಕೊಡುತ್ತೇವೆಂದು ಒತ್ತಾಯಿಸಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರವಾಸಿಗರದಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಅದರಲ್ಲೂ ಬೆಳಗಿನ ಹೊತ್ತು, ಗಾಳಿ ಏಳುವ ಮುಂಚೆ. ಹಂಪಿಯ ಹರಿಗೋಲು ಗಿರಗಿರ ತಿರುಗಿದರೂ ನಕ್ಕ ಹುಡುಗರಿಗೆ ಕಡಲ ಅಲೆಯ ಏರಿಳಿತದಲ್ಲಿ ಹೊಟ್ಟೆ ತೊಳಸುವುದುಂಟು. ಆಗ ದೋಣಿಯ ಒಳಗೆ ನೋಡದೆ ದೂರದ ದಿಗಂತದ ಮೇಲೆ ಕಣ್ಣು ನೆಟ್ಟು ಕೂರಬೇಕು. ಮಲ್ಪೆಯ ಹೋಟೆಲಿನ ದೋಸೆ ಎಷ್ಟೇ ಕರೆದರೂ ಅದನ್ನು ವಾಪಸು ಬಂದ ಮೇಲೆ ತಿಂದರಾಯಿತು; ಹೊರಡುವ ಮುನ್ನ ಇಡ್ಲಿ ಎರಡು ಸಾಕು.