ಗುಳೆ ಹೋಗುತ್ತಿದ್ದ ಸೀಮೆಗೆ ಗುಳೆ ಬಂದವರು

ದೀಪಾವಳಿ ಕಳೆದರೆ ಸಾಕು, ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳದ ಕಬ್ಬಿನ ಹೊಲಗಳ ಆಸುಪಾಸು ರವದಿ ಹೊದಿಸಿದ ಗುಡಿಸಲುಗಳು ಏಳುತ್ತವೆ. ಮಹಾರಾಷ್ಟ್ರದ ಬೀಡ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳವು. ಅವರ ಲೆಕ್ಕದಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೊಯ್ತಾ’. ಹಂಗಾಮಿಗೆ ಮೊದಲೇ ಗ್ಯಾಂಗಿನ ಗುತ್ತಿಗೆದಾರ ಮುಕಾದಮನಿಂದ ಪಡೆದ ಮುಂಗಡ ತೀರುವವರೆಗೆ ಕಡಿಯುತ್ತಲೇ ಇರಬೇಕು. ಮಕ್ಕಳು ಗುಡಿಸಲಲ್ಲಿ, ಅವರ ಶಾಲೆ ಊರಲ್ಲಿ.

ಪರವೂರಿನ ಬರ ಹೀಗೆ ಇಲ್ಲಿಗೆ ಕೂಲಿಗೆ ಬಂದೀತೆಂದು 1972ರ ಬರ ಕಂಡವರು ಎಣಿಸಿರಲಿಕ್ಕಿಲ್ಲ. ಇದು ಸಹ್ಯಾದ್ರಿಯ ಮಳೆನೆರಳಿನ ನೆಲ. ಕೃಷ್ಣೆ ಪಕ್ಕದಲ್ಲೇ ಹರಿದರೂ ಬೇಸಿಗೆಗೆ ಬತ್ತುತ್ತಿತ್ತು. ಮಳೆ ಕೈಕೊಟ್ಟ ವರ್ಷ ಒಣಬೇಸಾಯದವರಿಗೆ ಗುಳೆಯೇ ಗತಿ. ರಬಕವಿ-ಬನಹಟ್ಟಿಯಲ್ಲಾದರೆ ಮಗ್ಗವಿತ್ತು, ಆದರೆ ರೈತನ ಕೈ ಬರಿದಾದರೆ ಸೀರೆ ಕೊಳ್ಳುವವರಾರು?

ತಿರುವು ಬಂದದ್ದು 1989ರಲ್ಲಿ. ಸರ್ಕಾರದ ದಾರಿ ಕಾದು ಬೇಸತ್ತ ಕೃಷ್ಣಾ ತೀರದ ರೈತರು ವಂತಿಗೆ ಹಾಕಿ, ತಾವೇ ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ನೀರಿಗೆ ಓಟು ಬಿದ್ದದ್ದು ಎಂದರೆ ತಪ್ಪಾಗದು. ಜೋಳ ಸರಿದು ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಕಾರ್ಖಾನೆಗಳು.

ಅತ್ತ ಬೀಳಗಿಯ ಕಥೆಯೇ ಬೇರೆ. ಬರಕ್ಕೆ ಊರು ಬಿಡದವರನ್ನು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಎಬ್ಬಿಸಿತು. 519.6 ಮೀಟರಿನ ಜಲಾಶಯವನ್ನು 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಅಂದಿನಿಂದ ಎಷ್ಟೋ ಊರುಗಳು ಮುಳುಗುವ ದಿನ ಎಣಿಸುತ್ತ ಕೂತಿವೆ. ನಾಳೆ ಮುಳುಗುವ ಮನೆಗೆ ಹೊಸ ಹೆಂಚು ಹೊದಿಸುವುದೋ ಬೇಡವೋ?

ಇದರ ಮೇಲೆ ಹವಾಮಾನದ ಹೊಸ ಚಾಳಿ. 2019ರ ಆಗಸ್ಟಿನಲ್ಲಿ ಮೇಲ್ದಂಡೆಯ ಮಳೆಗೆ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳದ ನದಿದಂಡೆಯ ಜನ ದನಕರು ಸಮೇತ ಕಾಳಜಿ ಕೇಂದ್ರ ಸೇರಿದರು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬ್ಯಾರೇಜಿದ್ದರೂ ಬರಗಾಲದ ಬೇಸಿಗೆಯಲ್ಲಿ ಕೊಯ್ನಾ ಜಲಾಶಯದ ನೀರು ಬಿಡಿರೆಂದು ಮಹಾರಾಷ್ಟ್ರಕ್ಕೆ ಕೈಚಾಚುವುದು ತಪ್ಪಿಲ್ಲ.

ಕಾಲುವೆ ಮುಟ್ಟದ ಹೊಲದವರು ಈಗಲೂ ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುತ್ತಾರೆ. ಇನ್ನು ಮುಳುಗಡೆಯಾದರೆ ಹೊಲದ ಪರಿಹಾರ ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ತೆಗೆದು ಬದುಕಿದವಳ ಹೆಸರು ಪಹಣಿಯಲ್ಲಿ ಇರುವುದಿಲ್ಲ.